ಬಸುರಿನಲ್ಲಿ ಹುಳುಕಡ್ಡಿ: ಹಚ್ಚಿದ್ದು, ನಿಲ್ಲಿಸಿದ್ದು, ಮತ್ತೆ ಹಚ್ಚಿದ್ದು

ನನ್ನ ಮಗಳಿಗೆ ಮೊನ್ನೆ ಎರಡು ತಿಂಗಳು ತುಂಬಿತು. ಅವಳು ಮಲಗಿದಾಗ ಸ್ವಲ್ಪ ಸ್ವಲ್ಪವಾಗಿ ಇದನ್ನು ಬರೆಯುತ್ತಿದ್ದೇನೆ. ಬಸುರಿನ ವಾಂತಿ, ಬೆನ್ನುನೋವಿನ ಬಗ್ಗೆ ಕೇಳಿದರೆ ಹತ್ತು ಜನ ಹೇಳುತ್ತಾರೆ. ಸೊಂಟಕ್ಕೆ, ತೊಡೆಸಂದಿಗೆ ಹುಳುಕಡ್ಡಿ ಆಗಿದೆ ಎಂದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ನನಗೂ ಹೇಳಿಕೊಳ್ಳಲು ನಾಚಿಕೆ ಇತ್ತು. ಆ ನಾಚಿಕೆಯಿಂದಲೇ ಎರಡು ತಿಂಗಳು ಹಾಳಾಯಿತು.

ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಜೂನ್ ಕೊನೆಗೆ ನನಗೆ ಹದಿನಾಲ್ಕು ವಾರ. ಮಳೆ ಹಿಡಿದಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತೇವೆ. ಹೊಗೆ ವಾಸನೆ ಬರುತ್ತದೆ, ಒಳಗೊಳಗೆ ತೇವ ಉಳಿದೇ ಇರುತ್ತದೆ. ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಎಡಗಡೆಗೆ, ಒಂದು ರೂಪಾಯಿ ಅಗಲದ ಕೆಂಪು ಉಂಗುರ ಕಾಣಿಸಿತು. ಅಂಚು ಉಬ್ಬಿತ್ತು, ನಡುವೆ ಚರ್ಮ ಮಾಮೂಲಿ ಇತ್ತು. ರಾತ್ರಿ ತುರಿಕೆ. ಅತ್ತೆ ನೋಡಿ, "ಹುಳುಕಡ್ಡಿ ಕಣೇ, ಚಗಟೆ ಸೊಪ್ಪು ಅರೆದು ಹಚ್ಚು" ಅಂದರು. ಮೊದಲು ಅದನ್ನೇ ಹಚ್ಚಿದೆ. ತಂಪು ಅನಿಸಿತು, ಉಂಗುರ ಮಾತ್ರ ದೊಡ್ಡದಾಗುತ್ತಲೇ ಹೋಯಿತು.

ಹೆಸರು ಹುಳುಕಡ್ಡಿಯಾದರೂ ಅದರಲ್ಲಿ ಹುಳು ಇಲ್ಲ. ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ ಹಿಡಿಯುವ ಬೂಷ್ಟಿನ ಜಾತಿಯದೇ ಒಂದು ಫಂಗಸ್ ಚರ್ಮದ ಮೇಲ್ಪದರದಲ್ಲಿ ಬೆಳೆಯುತ್ತದೆ. ಬೆವರು, ತೇವ, ಬಿಗಿ ಬಟ್ಟೆ ಇದ್ದರೆ ಬೇಗ ಹರಡುತ್ತದೆ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು.

ನಮ್ಮವರು ಪೇಟೆಗೆ ಹೋದಾಗ ಮೆಡಿಕಲ್ ಶಾಪ್‌ನಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳಿ ತಂದರು. 110 ರೂಪಾಯಿ. ಬಸುರಿಗೆ ಎಂದು ಅವರು ಹೇಳಲಿಲ್ಲ, ಅಂಗಡಿಯವರು ಕೇಳಲೂ ಇಲ್ಲ. ಹಚ್ಚಿದ ಎರಡನೇ ದಿನಕ್ಕೆ ತುರಿಕೆ ಮಾಯ. ನಾಲ್ಕನೇ ದಿನಕ್ಕೆ ಕೆಂಪೂ ಹೋಯಿತು. ಎಷ್ಟು ಖುಷಿಯಾಗಿತ್ತು ಅಂದರೆ, ಆ ಟ್ಯೂಬಿನ ಹೆಸರನ್ನು ಅಕ್ಕನಿಗೂ ಹೇಳಿದ್ದೆ. ಬಿಟ್ಟ ಐದು ದಿನಕ್ಕೆ ಮತ್ತೆ ಬಂತು, ಈ ಸಲ ಮೂರು ಕಡೆ. ಮತ್ತೆ ಹಚ್ಚಿದೆ, ಹೋಯಿತು. ಬಿಟ್ಟೆ, ತೊಡೆಸಂದಿಗೂ ಇಳಿಯಿತು. ಎರಡನೇ ಟ್ಯೂಬ್ ತರಿಸಿದೆ.

ಜುಲೈನಲ್ಲಿ ತಂಗಿ ಬಂದಿದ್ದಳು. ಟ್ಯೂಬ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದಳು. ಅದರಲ್ಲಿ ಮೂರು ಔಷಧಿ ಇದ್ದವು. ಕ್ಲೊಬೆಟಾಸಾಲ್, ಮೈಕೊನಜೋಲ್, ನಿಯೋಮೈಸಿನ್. ನಡುವಿನದು ಮಾತ್ರ ಫಂಗಸ್ ಔಷಧಿ. ಕೊನೆಯದು ಬ್ಯಾಕ್ಟೀರಿಯಾಕ್ಕೆ. ಮೊದಲನೆಯದು ಸ್ಟಿರಾಯ್ಡ್, ಅದೂ ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ಅತಿ ಬಲವಾದ ಗುಂಪಿನದು. ಟ್ಯೂಬಿನ ಜೊತೆಗಿದ್ದ ಕಾಗದದಲ್ಲಿ ಗರ್ಭಿಣಿಯರು ವೈದ್ಯರ ಸಲಹೆ ಇಲ್ಲದೆ ಬಳಸಬಾರದು ಎಂದು ಇತ್ತು.

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅತ್ತುಬಿಟ್ಟೆ. ಮಗುವಿನ ಅಲುಗಾಟ ಆಗಷ್ಟೇ ಗೊತ್ತಾಗಲು ಶುರುವಾಗಿತ್ತು. ಹೊಟ್ಟೆಯ ಪಕ್ಕದಲ್ಲೇ ಹಚ್ಚಿದ್ದೆನಲ್ಲ, ಅದು ನೇರ ಒಳಗೆ ಇಳಿದಿರುತ್ತದೆ ಎಂದೇ ನಂಬಿದ್ದೆ.

ಬೆಳಗ್ಗೆ ಎದ್ದವಳೇ ಎಲ್ಲ ನಿಲ್ಲಿಸಿದೆ. ಯಾವ ಮುಲಾಮೂ ಬೇಡ, ಹೆರಿಗೆ ಆಗುವ ತನಕ ತಡೆದುಕೊಳ್ಳುತ್ತೇನೆ ಎಂದುಕೊಂಡೆ. ಇದು ನಾನು ಮಾಡಿದ ಎರಡನೇ ತಪ್ಪು. ಸ್ಟಿರಾಯ್ಡ್ ಹಚ್ಚಿ ಒಮ್ಮೆಲೇ ಬಿಟ್ಟರೆ ಚರ್ಮ ಕೆರಳುತ್ತದೆ ಎಂದು ನನಗೆ ಯಾರು ಹೇಳಬೇಕಿತ್ತು? ಹತ್ತು ದಿನದೊಳಗೆ ಸೊಂಟದ ಸುತ್ತ ಪಟ್ಟಿಯ ಹಾಗೆ ಕೆಂಪು ಹರಡಿತು. ಉರಿ, ತುರಿಕೆ, ಕೆರೆದ ಜಾಗದಲ್ಲಿ ಗಾಯ. ರಾತ್ರಿ ಎರಡು ಗಂಟೆಗೆ ಎದ್ದು ತಣ್ಣೀರು ಬಟ್ಟೆ ಇಟ್ಟುಕೊಳ್ಳುತ್ತಿದ್ದೆ. ನಿದ್ದೆ ಇಲ್ಲದೆ ಊಟ ಸೇರುತ್ತಿರಲಿಲ್ಲ. ಔಷಧಿ ಹಚ್ಚದೆ ಇದ್ದರೆ ಮಗುವಿಗೆ ಒಳ್ಳೆಯದು ಎಂದುಕೊಂಡಿದ್ದೆ. ತಾಯಿ ನಿದ್ದೆ, ಊಟ ಬಿಟ್ಟರೆ ಮಗುವಿಗೆ ಏನು ಒಳ್ಳೆಯದಾಗುತ್ತದೆ ಹೇಳಿ?

ಊರಿನ ಆಶಾ ಕಾರ್ಯಕರ್ತೆ ಅಕ್ಕ ಮನೆಗೆ ಬಂದಾಗ ಧೈರ್ಯ ಮಾಡಿ ಹೇಳಿಕೊಂಡೆ. "ಅಯ್ಯೋ, ಇದನ್ನ ಮುಚ್ಚಿಟ್ಕೊಂಡಿದ್ದೀಯಾ? ಒಂಬತ್ತಕ್ಕೆ ಆಸ್ಪತ್ರೆಗೆ ಬಾ" ಅಂದರು. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಎಂದು 2016ರಿಂದ ನಡೆಯುತ್ತಿದೆ. ತಾಯಿ ಕಾರ್ಡ್, ಆಧಾರ್, ಹಳೆಯ ಸ್ಕ್ಯಾನ್ ವರದಿ ತಗೊಂಡು ಎಂಟು ಗಂಟೆಗೆ ಹೋದೆ. ಒಳಗೆ ಕರೆದಾಗ ಹನ್ನೆರಡೂವರೆ. ಬೆಂಚು ತುಂಬಿತ್ತು, ನಿಂತು ನಿಂತು ಕಾಲು ಬಾತಿತ್ತು. ಹೋಗುವವರು ತಿಂಡಿ, ನೀರು ತಗೊಂಡು ಹೋಗಿ. ಸಡಿಲವಾದ ಬಟ್ಟೆ ಹಾಕಿಕೊಳ್ಳಿ, ತೋರಿಸಲು ಸುಲಭ.

ಒಳಗೆ ಡಾಕ್ಟರ್ ಮೇಡಂ ಬಿಪಿ, ತೂಕ, ಮಗುವಿನ ಎದೆಬಡಿತ ಎಲ್ಲ ನೋಡಿದರು. ಎದ್ದು ಬರುವಾಗ ಹೇಳಿದೆ. ಮೊದಲೇ ಹೇಳಬೇಕಿತ್ತು. ಸೊಂಟ ನೋಡಿ ಅವರು ಬೈಯಲಿಲ್ಲ. ನಾನು ತಂದಿದ್ದ ಖಾಲಿ ಟ್ಯೂಬ್ ತೆಗೆದುಕೊಂಡು ಓದಿದರು. "ಇದನ್ನ ಇನ್ನು ಮುಟ್ಟಬೇಡ. ಬರೀ ಫಂಗಸ್ಸಿನ ಕ್ರೀಮ್ ಹಚ್ಚಬಹುದು, ಅದರಿಂದ ಭಯ ಇಲ್ಲ. ಆದ್ರೆ ಇಷ್ಟು ಹರಡಿದೆ, ಒಂದ್ಸಲ ಚರ್ಮದ ಡಾಕ್ಟರಿಗೆ ತೋರಿಸು" ಎಂದು ಚೀಟಿ ಬರೆದುಕೊಟ್ಟರು.

ಚರ್ಮದ ಡಾಕ್ಟರು ಇರುವುದು ಶಿವಮೊಗ್ಗದಲ್ಲಿ. ಸರ್ಕಾರಿ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆದರೆ ನಮ್ಮ ರೂಟಿನಲ್ಲಿ ಖಾಸಗಿ ಬಸ್ಸೇ ಜಾಸ್ತಿ. ಮೊದಲ ಸಲ ಹೋದಾಗ ಡಾಕ್ಟರು ರಜೆ. ಫೋನ್ ಮಾಡಿ ಕೇಳದೆ ಹೋಗಿದ್ದು ನಮ್ಮದೇ ತಪ್ಪು. ಆ ಮಳೆಯಲ್ಲಿ, ಆ ತಿರುವುಗಳಲ್ಲಿ, ಸುಮ್ನೆ ಹೋಗಿ ಸುಮ್ನೆ ಬಂದೆವು. ದಾರಿಯಲ್ಲಿ ಎರಡು ಸಲ ವಾಂತಿ. ನಮ್ಮವರಿಗೆ ಒಂದು ದಿನದ ಕೆಲಸ ಹೋಯಿತು. ಮನೆಗೆ ಬಂದು ಬಚ್ಚಲಲ್ಲಿ ಕೂತು ಮತ್ತೆ ಅತ್ತುಬಿಟ್ಟೆ.

ಎರಡನೇ ಸಲ ಹೋದಾಗ ಸಿಕ್ಕರು. ಫೀಸು 500. ವಯಸ್ಸಾದ ಡಾಕ್ಟರು, ನಿಧಾನ ಮಾತು. ಮೊದಲ ಪ್ರಶ್ನೆಯೇ "ಏನೇನು ಹಚ್ಚಿದ್ದೀಯಮ್ಮಾ? ಎಲ್ಲಾ ಹೇಳು, ಸೊಪ್ಪು ಹಚ್ಚಿದ್ರೂ ಹೇಳು" ಎಂದು. ಹೇಳಿದೆ. ಆಮೇಲೆ ಒಂದು ಪರೀಕ್ಷೆ ಬರೆದರು, ಕೆಒಎಚ್ ಎನ್ನುತ್ತಾರೆ, 250 ರೂಪಾಯಿ. ಉಂಗುರದ ಅಂಚಿನಿಂದ ಬ್ಲೇಡಿನಲ್ಲಿ ಸ್ವಲ್ಪ ಹೊಟ್ಟು ಕೆರೆದು ಗಾಜಿನ ಮೇಲೆ ಹಾಕುತ್ತಾರೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟರೆ ಚರ್ಮದ ಹೊಟ್ಟು ಕರಗಿ ಫಂಗಸ್ಸಿನ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ನೋವಿಲ್ಲ, ರಕ್ತ ಬರುವುದಿಲ್ಲ, ಮಗುವಿಗೆ ಏನೂ ಆಗುವುದಿಲ್ಲ. ಮುಲಾಮು ಹಚ್ಚಿಕೊಂಡು ಹೋದರೆ ಫಲಿತಾಂಶ ಸರಿಯಾಗಿ ಬರದೆ ಇರಬಹುದು. ನಾನು ಮೂರು ವಾರದಿಂದ ಏನೂ ಹಚ್ಚಿರದೆ ಇದ್ದದ್ದು ಇದೊಂದಕ್ಕೆ ಉಪಯೋಗ ಆಯಿತು. ವರದಿ ಬರಲು ಮುಕ್ಕಾಲು ಗಂಟೆ ಕಾದೆವು. ಫಂಗಸ್ ಇತ್ತು.

ನಾನು ಕೇಳಬೇಕೆಂದಿದ್ದ ಪ್ರಶ್ನೆಗಳನ್ನು ತಂಗಿ ಒಂದು ಕಾಗದದಲ್ಲಿ ಬರೆದುಕೊಟ್ಟಿದ್ದಳು. ಡಾಕ್ಟರ ಮುಂದೆ ಕೂತರೆ ನನಗೆ ಎಲ್ಲ ಮರೆತುಹೋಗುತ್ತದೆ. ಅವರು ಕೊಟ್ಟ ಉತ್ತರವನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಮಗುವಿಗೆ ಏನಾದರೂ ಆಗಿದೆಯಾ ಎಂಬುದು ಮೊದಲ ಪ್ರಶ್ನೆ. ಹಚ್ಚುವ ಬಲವಾದ ಸ್ಟಿರಾಯ್ಡನ್ನು ಇಡೀ ಬಸುರಿನಲ್ಲಿ 300 ಗ್ರಾಂಗಿಂತ ಜಾಸ್ತಿ ಬಳಸಿದವರಲ್ಲಿ ಮಗುವಿನ ತೂಕ ಕಡಿಮೆಯಾಗುವ ಸಂಬಂಧ ಕಂಡಿದ್ದಾರಂತೆ. ನಾನು ಹಚ್ಚಿದ್ದು ಎರಡು ಸಣ್ಣ ಟ್ಯೂಬ್. "ಇದಕ್ಕೆ ಮಗುವಿನ ಬಗ್ಗೆ ಹೆದರೋದು ಬೇಡ, ನಿಂದೇ ಚರ್ಮ ನೋಡು" ಅಂದರು. ತೊಡೆಸಂದಿನಲ್ಲಿ ಅಗಲವಾದ ಕೆಂಪು ಗೆರೆಗಳಿದ್ದವು. ಬಸುರಿನ ಗೆರೆ ಎಂದುಕೊಂಡಿದ್ದೆ. ಹೊಟ್ಟೆಯ ಮೇಲಿರುವುದು ಬಸುರಿನದು, ತೊಡೆಸಂದಿನದು ಟ್ಯೂಬಿನದು ಎಂದು ಬೆರಳಿಟ್ಟು ತೋರಿಸಿದರು. ಸ್ಟಿರಾಯ್ಡ್ ಚರ್ಮವನ್ನು ತೆಳು ಮಾಡುತ್ತದೆ. ಕೆಂಪು, ತುರಿಕೆಯನ್ನು ಅಡಗಿಸುತ್ತದೆ, ಅಡಿಯಲ್ಲಿ ಫಂಗಸ್ ಆರಾಮಾಗಿ ಬೆಳೆಯುತ್ತಿರುತ್ತದೆ. ಅದಕ್ಕೇ ನನಗೆ ಹೋಗಿ ಹೋಗಿ ಬರುತ್ತಿದ್ದದ್ದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಮಾಡಿತಂತೆ. ಆದರೂ ನಮಗೆ ಕೇಳಿದ ತಕ್ಷಣ ಸಿಕ್ಕಿತಲ್ಲ.

ಮಾತ್ರೆ ಕೊಟ್ಟು ಬೇಗ ವಾಸಿ ಮಾಡಬಹುದಾ ಎಂಬುದು ಎರಡನೆಯದು. ಇಷ್ಟು ಹರಡಿದ್ದರೆ ಬೇರೆಯವರಿಗೆ ಇಟ್ರಾಕೊನಜೋಲ್ ಅಥವಾ ಟರ್ಬಿನಾಫಿನ್ ಮಾತ್ರೆ ಕೊಡುತ್ತಾರೆ. ಬಸುರಿಯರಿಗೆ ಹುಳುಕಡ್ಡಿಗಾಗಿ ಆ ಮಾತ್ರೆ ಕೊಡುವುದಿಲ್ಲ. ಗ್ರೀಸಿಯೋಫಲ್ವಿನ್ ಅಂತೂ ಬೇಡವೇ ಬೇಡ. "ನಿಂಗೆ ಹಚ್ಚೋದೊಂದೇ ದಾರಿ. ಜಾಸ್ತಿ ದಿನ ಹಿಡಿಯತ್ತೆ. ತಾಳ್ಮೆ ಇರ್ಲಿ."

ಹಚ್ಚುವ ಔಷಧಿ ಒಳಗೆ ಇಳಿಯುವುದಿಲ್ಲವಾ? ಇದೇ ನನ್ನ ನಿದ್ದೆ ಕೆಡಿಸಿದ್ದು. ಅವರು ಬರೆದದ್ದು ಕ್ಲೋಟ್ರಿಮಜೋಲ್, ಶೇಕಡಾ 1ರ ಕ್ರೀಮ್. ಚರ್ಮದಿಂದ ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ದಶಕಗಳಿಂದ ಎಷ್ಟೋ ಬಸುರಿಯರು ಬಳಸಿದ್ದಾರೆ, ಮಗುವಿಗೆ ತೊಂದರೆ ಕಂಡಿಲ್ಲ. ಮೈಕೊನಜೋಲ್ ಕೂಡ ಹೀಗೆಯೇ. ಈಗ ಎಲ್ಲರಿಗೂ ಬರೆಯುವ ಲುಲಿಕೊನಜೋಲ್ ಯಾಕೆ ಬೇಡ ಎಂದು ತಂಗಿಯ ಕಾಗದದಲ್ಲಿ ಇತ್ತು. ಅದು ಹೊಸದು, ಬಸುರಿಯರ ಮೇಲಿನ ಅನುಭವ ಕಡಿಮೆ, ಹಳೆಯದು ಇರುವಾಗ ಹೊಸದು ಯಾಕೆ ಎಂದರು. ಸ್ಯಾಲಿಸಿಲಿಕ್ ಆಸಿಡ್ ಇರುವ ಹಳೆಯ ಕಾಲದ ಹುಳುಕಡ್ಡಿ ಮುಲಾಮನ್ನು ಅಗಲವಾದ ಜಾಗಕ್ಕೆ ಬಳಿಯಬೇಡ ಎಂದೂ ಹೇಳಿದರು. ನಮ್ಮ ಮನೆಯಲ್ಲಿ ಅದರ ಒಂದು ಡಬ್ಬಿ ಇತ್ತು. ಬಂದವಳೇ ಎತ್ತಿ ದೂರ ಇಟ್ಟೆ.

ಹಚ್ಚುವ ಕ್ರಮವನ್ನು ಸರಿಯಾಗಿ ಹೇಳಿಬಿಡುತ್ತೇನೆ, ನಾನು ಮೊದಲು ಹಚ್ಚುತ್ತಿದ್ದದ್ದು ಪೂರ್ತಿ ತಪ್ಪಾಗಿತ್ತು. ಸ್ನಾನ ಮಾಡಿ, ಒರೆಸಿ, ಹತ್ತು ನಿಮಿಷ ಗಾಳಿಗೆ ಒಣಗಿಸಿ, ಆಮೇಲೆ ತೆಳುವಾಗಿ ಹಚ್ಚಬೇಕು. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯ ತನಕ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಬೆರಳುಗಳೂ ಸೇರಿ ಎರಡು ಅಂಗೈ ಅಗಲಕ್ಕೆ ಸಾಕು. ಉಂಗುರದ ಮೇಲೆ ಮಾತ್ರ ಅಲ್ಲ, ಅಂಚು ದಾಟಿ ಎರಡು ಬೆರಳು ಅಗಲ ಆಚೆಗೂ ಹಚ್ಚಬೇಕು. ಹೊರಗಿನಿಂದ ಶುರುಮಾಡಿ ಒಳಗೆ ಬರಬೇಕು. ಮೇಲೆ ಪ್ಲಾಸ್ಟಿಕ್ ಸುತ್ತಬಾರದು, ಬಿಗಿ ಪಟ್ಟಿ ಕಟ್ಟಬಾರದು, ಹಾಗೆ ಮಾಡಿದರೆ ಒಳಗೆ ಇಳಿಯುವುದು ಜಾಸ್ತಿಯಾಗುತ್ತದೆ. ಕೆರೆದು ಗಾಯ ಆದ ಜಾಗ ಇದ್ದರೆ ಡಾಕ್ಟರಿಗೆ ತೋರಿಸಿ ಕೇಳಿ. ಹಚ್ಚಿದ ಮೇಲೆ ಕೈ ತೊಳೆಯಿರಿ. ವಾಸಿಯಾದ ಹಾಗೆ ಕಂಡ ಮೇಲೂ ಎರಡು ವಾರ ಹಚ್ಚಲೇಬೇಕು. ಇದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ.

ಡಾಕ್ಟರು ಇನ್ನೊಂದು ಮಾತು ಹೇಳಿದರು. ನಮ್ಮ ದೇಶದಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಹುಳುಕಡ್ಡಿ ಮೊದಲಿನ ಹಾಗಿಲ್ಲ. 2020ರಲ್ಲಿ ಹೊಸದಾಗಿ ಹೆಸರಿಟ್ಟ ಒಂದು ಜಾತಿ, ಟ್ರೈಕೊಫೈಟಾನ್ ಇಂಡೊಟಿನಿಯೆ, ಟರ್ಬಿನಾಫಿನ್‌ಗೆ ಹಲವು ಸಲ ಬಗ್ಗುವುದಿಲ್ಲ. ಹೆಸರಿನಲ್ಲೇ ಇಂಡಿಯಾ ಇದೆ. ಅದಕ್ಕೇ ಮುಲಾಮು ಹಚ್ಚಿದರೆ ಮುಗಿಯಲಿಲ್ಲ, ಮನೆಯವರು ಎಲ್ಲರದ್ದೂ ನೋಡಬೇಕು ಎಂದು ನಮ್ಮವರ ಕಡೆ ತಿರುಗಿದರು. "ನಿಮಗೂ ಇದೆಯಾ?" ನಮ್ಮವರು ತಲೆ ತಗ್ಗಿಸಿದರು. ಉಡಿದಾರದ ಕೆಳಗೆ ವರ್ಷದಿಂದ ಇತ್ತಂತೆ. ನನಗೂ ಹೇಳಿರಲಿಲ್ಲ.

ಅವರಿಗೆ ಮಾತ್ರೆ ಬರೆದರು. ಉಡಿದಾರ ತೆಗೆಯಬೇಕು ಎಂದರು. ಬೆವರು, ನೀರು ಹಿಡಿದಿಟ್ಟುಕೊಂಡು ಆ ದಾರದಲ್ಲೇ ಫಂಗಸ್ ಉಳಿಯುತ್ತದಂತೆ. ಮನೆಯಲ್ಲಿ ಇದು ದೊಡ್ಡ ಮಾತಾಯಿತು. ಅತ್ತೆಗೆ ತುಂಬಾ ನೋವಾಯಿತು. "ಗಂಡಸು ಉಡಿದಾರ ಇಲ್ದೆ ಇರ್ತಾನಾ? ಅದೂ ಹೆಂಡ್ತಿ ಬಸುರಿ ಇದ್ದಾಗ?" ಎಂದು ಎರಡು ದಿನ ಮಾತಾಡಲಿಲ್ಲ. ನಾನು ಜಗಳ ಮಾಡಲಿಲ್ಲ. ಸೊಂಟ ತೋರಿಸಿದೆ, ಅಷ್ಟೆ. ಪೂರ್ತಿ ನೋಡಿದ್ದು ಅವರು ಅದೇ ಮೊದಲು. ಮಾರನೇ ದಿನ ಹಂಡೆಯಲ್ಲಿ ಕುದಿನೀರು ಕಾಯಿಸಿ, ನಮ್ಮಿಬ್ಬರ ಒಳಬಟ್ಟೆ, ಟವೆಲು, ಹೊದಿಕೆ ಎಲ್ಲ ಅವರೇ ಅದ್ದಿದರು. ನಮ್ಮವರು ಉಡಿದಾರ ತೆಗೆದು ದೇವರ ಗೂಡಿನಲ್ಲಿ ಇಟ್ಟರು.

ಬಟ್ಟೆಯೇ ಅರ್ಧ ಔಷಧಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು? ಒಲೆಯ ಮೇಲೆ ಒಣಗಿದ್ದನ್ನು ಒಳಮಗ್ಗುಲು ತಿರುಗಿಸಿ ಇಸ್ತ್ರಿ ಹಾಕುತ್ತಿದ್ದೆ. ಒಬ್ಬರ ಟವೆಲ್ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಲಂಗ ಬಿಟ್ಟು ಸಡಿಲ ಹತ್ತಿ ನೈಟಿ. ಸೀಮಂತಕ್ಕೆ ರೇಷ್ಮೆ ಸೀರೆ ಉಡಲೇಬೇಕಾಯಿತು. ಲಾಡಿಯನ್ನು ಹೊಟ್ಟೆಯ ಮೇಲಕ್ಕೆ ಕಟ್ಟಿಸಿಕೊಂಡೆ, ಶಾಸ್ತ್ರ ಮುಗಿದ ತಕ್ಷಣ ಬಿಚ್ಚಿ ಒರೆಸಿಕೊಂಡೆ.

ಮೊದಲ ಹತ್ತು ದಿನ ಏನೂ ಕಡಿಮೆಯಾಗಲಿಲ್ಲ. ಮೊದಲಿನ ಟ್ಯೂಬ್ ಎರಡೇ ದಿನಕ್ಕೆ ಕೆಲಸ ಮಾಡುತ್ತಿತ್ತಲ್ಲ, ಇದು ಸುಳ್ಳು ಔಷಧಿ ಎಂದೂ ಅನಿಸಿತು. ಒಂದು ರಾತ್ರಿ ಹಳೆಯ ಟ್ಯೂಬಿಗೆ ಕೈ ಹಾಕಿದ್ದೆ, ಉಳಿದಿದ್ದರೆ ಹಚ್ಚಿಬಿಡುತ್ತಿದ್ದೆ. ತುರಿಕೆಗೆ ರಾತ್ರಿ ಒಂದು ಅಲರ್ಜಿ ಮಾತ್ರೆ ಬರೆದಿದ್ದರು. ಅದನ್ನು ಹೆರಿಗೆ ಡಾಕ್ಟರ್ ಮೇಡಂಗೆ ತೋರಿಸಿ, ಅವರು ಹೂಂ ಅಂದ ಮೇಲೆ ನುಂಗಿದೆ. ಮೂರನೇ ವಾರ ಅಂಚು ತಗ್ಗಿತು. ಐದನೇ ವಾರ ನಿದ್ದೆ ಬಂತು. ಎಂಟು ವಾರ ಹಚ್ಚಿದೆ, ಅಕ್ಟೋಬರ್ ನಡುವಿನ ತನಕ. 30 ಗ್ರಾಂನ ಆರು ಟ್ಯೂಬ್ ಬೇಕಾಯಿತು. ಮೊದಲನೆಯದು 95 ರೂಪಾಯಿ ಕೊಟ್ಟೆ. ಆಮೇಲೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿತು. ಓಡಾಟ, ಫೀಸು, ಪರೀಕ್ಷೆ, ಹಾಳಾದ ಮೊದಲ ಟ್ಯೂಬುಗಳು ಎಲ್ಲ ಸೇರಿ ನನ್ನದೇ 3,500 ರೂಪಾಯಿ ಹತ್ತಿರ ಆಗಿದೆ. ಮೊದಲೇ ಸರಿಯಾದ ಟ್ಯೂಬ್ ಹಚ್ಚಿದ್ದರೆ ಇನ್ನೂರರಲ್ಲಿ ಮುಗಿಯುತ್ತಿತ್ತೇನೋ.

ಎಲ್ಲ ಮುಗಿಯಿತು ಎಂದುಕೊಳ್ಳುವಾಗ ಎಂಟನೇ ತಿಂಗಳಲ್ಲಿ ಇನ್ನೊಂದು. ಮೊಸರು ಒಡೆದ ಹಾಗೆ ಬಿಳಿ ಹೋಗಲು ಶುರುವಾಯಿತು, ಒಳಗೆ ತುರಿಕೆ, ಉರಿ. ಇದು ಬೇರೆ ಫಂಗಸ್, ಕ್ಯಾಂಡಿಡಾ. ಬಸುರಿಯರಲ್ಲಿ ತುಂಬಾ ಸಾಮಾನ್ಯ. ಮೆಡಿಕಲ್ ಶಾಪ್‌ನಲ್ಲಿ "ಒಂದೇ ಮಾತ್ರೆ, 150 ಮಿಲಿಗ್ರಾಂನದ್ದು, ನುಂಗಿದ್ರೆ ಆಯ್ತು" ಅಂದರು. ಈ ಸಲ ನಾನೇ ಹೋಗಿದ್ದೆ, ಹೊಟ್ಟೆ ಕಾಣುತ್ತಿತ್ತು. ಆದರೂ ಕೊಡಲು ಹೊರಟಿದ್ದರು. ಹೆಸರು ಓದಿದೆ, ಫ್ಲುಕೊನಜೋಲ್. ಬೇಡ ಅಂದೆ. ಆ ಮಾತ್ರೆಯನ್ನು ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 400ರಿಂದ 800 ಮಿಲಿಗ್ರಾಂನಂತೆ ಬಹಳ ದಿನ ನುಂಗಿದರೆ ಮಗುವಿಗೆ ಹುಟ್ಟು ದೋಷ ಬರಬಹುದು ಎಂದು 2011ರಲ್ಲೇ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿದೆ. 2016ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದು, ಕಡಿಮೆ ಪ್ರಮಾಣದಲ್ಲೂ ಗರ್ಭಪಾತದ ಸಾಧ್ಯತೆ ಜಾಸ್ತಿ ಎಂದು ಕಂಡಿತ್ತು. ಗೊತ್ತಿಲ್ಲದೆ ಒಂದು ಮಾತ್ರೆ ನುಂಗಿದ್ದರೆ ಗಾಬರಿಯಾಗಬೇಡಿ, ನಿಮ್ಮ ಡಾಕ್ಟರಿಗೆ ಹೇಳಿ. ಬೇಕೆಂದೇ ನುಂಗಬೇಡಿ.

ಮೇಡಂ ಕ್ಲೋಟ್ರಿಮಜೋಲ್‌ನದ್ದೇ ಒಳಗೆ ಇಟ್ಟುಕೊಳ್ಳುವ ಮಾತ್ರೆ ಬರೆದರು, 100 ಮಿಲಿಗ್ರಾಂ, ಏಳು ರಾತ್ರಿ. ಬಸುರಿಯರಿಗೆ ಒಂದೆರಡು ದಿನದ್ದು ಸಾಲುವುದಿಲ್ಲ, ವಾರ ಬೇಕು ಎಂದರು. ಜೊತೆಗೆ ಬರುವ ಪ್ಲಾಸ್ಟಿಕ್ ಕೊಳವೆಯನ್ನು ಜೋರಾಗಿ ತಳ್ಳಬಾರದು, ಕೈ ತೊಳೆದು, ಉಗುರು ಕತ್ತರಿಸಿದ ಬೆರಳಿನಲ್ಲೇ ಇಟ್ಟುಕೋ ಎಂದರು. ಸಕ್ಕರೆ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿಸಿದರು, ಸಕ್ಕರೆ ಜಾಸ್ತಿ ಇದ್ದರೆ ಇದು ಪದೇ ಪದೇ ಬರುತ್ತದಂತೆ. ನನ್ನದು ಸರಿಯಿತ್ತು. ನೀರು ಹೋದರೆ, ರಕ್ತ ಕಂಡರೆ, ಜ್ವರ ಅಥವಾ ಹೊಟ್ಟೆನೋವು ಬಂದರೆ ಮಾತ್ರೆ ಇಟ್ಟುಕೊಂಡು ಕಾಯಬೇಡ, ಸೀದಾ ಬಾ ಎಂದು ಎರಡು ಸಲ ಹೇಳಿದರು. ನಾಲ್ಕನೇ ರಾತ್ರಿಗೆ ಉರಿ ನಿಂತಿತು, ಆದರೂ ಏಳೂ ಮುಗಿಸಿದೆ.

ಡಿಸೆಂಬರ್‌ನಲ್ಲಿ ಹೆರಿಗೆ ಆಯಿತು. 2 ಕಿಲೋ 900 ಗ್ರಾಂ. ನರ್ಸ್ ತೂಕ ಹೇಳಿದಾಗ ನನಗೆ ಆ ಎರಡು ಟ್ಯೂಬು ನೆನಪಾಗಿ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದವರು ನೋವಿಗೆ ಎಂದುಕೊಂಡರು.

ಸೊಂಟದ ಮೇಲೆ ಕಪ್ಪು ಕಲೆ ಇನ್ನೂ ಇದೆ, ತಿಂಗಳುಗಟ್ಟಲೆ ಇರುತ್ತದಂತೆ. ಅದಕ್ಕೆ ಏನೂ ಹಚ್ಚುತ್ತಿಲ್ಲ. ಹಾಲು ಕುಡಿಸುವವರು ಎದೆಯ ಹತ್ತಿರ ಯಾವ ಕ್ರೀಮ್ ಹಚ್ಚಬೇಕಾಗಿ ಬಂದರೂ ಡಾಕ್ಟರನ್ನು ಕೇಳಿ, ಮಗುವಿನ ಬಾಯಿಗೆ ಹೋಗದ ಹಾಗೆ ಒರೆಸಿಕೊಂಡು ಕುಡಿಸಿ.

ನಾಮಕರಣಕ್ಕೆ ಅತ್ತೆ ನನ್ನ ತವರಿಗೆ ಬಂದಿದ್ದರು. ಮಗುವಿಗೆ ಉಡಿದಾರ ಕಟ್ಟುವ ಹೊತ್ತಿಗೆ ಅಮ್ಮ ಕರಿದಾರ ತೆಗೆದಿಟ್ಟಿದ್ದಳು. ಅತ್ತೆ ಬೇಡ ಅಂದರು. ಸೆರಗಿನ ಗಂಟಿನಿಂದ ಒಂದು ಬೆಳ್ಳಿಯ ಉಡಿದಾರ ತೆಗೆದರು. "ದಾರ ನೀರು ಕುಡಿಯತ್ತೆ. ಇದಾದ್ರೆ ಮೀಸಿದ ಮೇಲೆ ಒರೆಸಿದ್ರೆ ಒಣಗತ್ತೆ" ಎಂದು ಸಡಿಲವಾಗಿ, ಎರಡು ಬೆರಳು ಆಡುವಷ್ಟು ಬಿಟ್ಟು, ಅವರೇ ಹಾಕಿದರು.